ಹೊಸಿಲ ಮಾತು

12 ಆಗಸ್ಟ್ 2024, ಸೋಮವಾರ

ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಹರ್ಷಿತಾ ಫೋನ್. ಒಲೆ ಆರಿಸಿ ಹಿತ್ತಿಲಿಗೆ ಹೋದೆ. ಒಗ್ಗರಣೆ ಕಾಯುತ್ತೆ, ಮಗಳು ಕಾಯುವುದಿಲ್ಲ. ಪಾವಗಡದ ರೂಮಿನಲ್ಲಿ ಮತ್ತೆ ನೀರಿಲ್ಲವಂತೆ. ಅವಳು ಕೆಲಸ ಮಾಡುವ ಸೋಲಾರ್ ಪಾರ್ಕಿನ ಕಂಟ್ರೋಲ್ ರೂಮಿಗೆ ಹೊಸ ಮ್ಯಾನೇಜರ್ ಬಂದಿದ್ದಾನಂತೆ, ಗಡಿಯ ಆ ಕಡೆಯ ತೆಲುಗಿನವನು, ‘ಏಮ್ಮಾ’ ಅನ್ನದೆ ಮಾತೇ ಶುರು ಮಾಡುವುದಿಲ್ಲವಂತೆ. ಪಾರ್ಕ್ ಇರುವ ರಾಯಚರ್ಲು ಊರಿನ ಬಿಸಿಲಿಗೆ ಮುಖ ಸುಟ್ಟ ಬದನೆಕಾಯಿ ಆಗಿದೆಯಂತೆ. ಇಷ್ಟನ್ನೂ ನನಗೆ ಹೇಳಿದಳು. ನನಗೇ.

ಹೋದ ವರ್ಷದವರೆಗೆ ಇದೆಲ್ಲ ಅಕ್ಕನ ಪಾಲು. ಓರಗಿತ್ತಿ ಜಗದಾಂಬ ಅಂತ ಬರೆಯೋಣ ಅಂದರೂ ಪೆನ್ನಿಗೆ ಅಕ್ಕ ಅಂತಲೇ ಬರುತ್ತದೆ. ಮದುವೆಯಾಗಿ ಈ ಮಧುಗಿರಿಗೆ ಬಂದ ದಿನದಿಂದ ಅಭ್ಯಾಸ. ಮನೆಯ ದೊಡ್ಡ ಸೊಸೆ. ಹೆತ್ತದ್ದು ಗಂಡು ಒಂದು, ಚೇತನ್. ಶಿರಾದಲ್ಲಿ ಬ್ಯಾಂಕಿನಲ್ಲಿದ್ದಾನೆ. ಫೋನ್ ಮಾಡಿದರೆ ‘ಹೂಂ, ಆಯ್ತು, ಇಡ್ಲಾ’ ಅಷ್ಟೇ. ಅವಳಿಗೆ ಹೆಣ್ಣು ಬೇಕಿತ್ತು. ನನ್ನದನ್ನು ತಗೊಂಡಳು. ಹರ್ಷಿತಾ ಹತ್ತನೇ ಕ್ಲಾಸಿನ ಮಾರ್ಕ್ಸ್ ಮೊದಲು ಹೇಳಿದ್ದು ದೊಡ್ಡಮ್ಮನಿಗೆ. ಕೆಲಸ ಸಿಕ್ಕಿತು ಅಂತ ಹೇಳಿದ್ದೂ ದೊಡ್ಡಮ್ಮನಿಗೆ. ಆಮೇಲೆ ಅಕ್ಕನ ಬಾಯಿಂದ ನನಗೆ — ಪ್ರಸಾದ ಹಂಚಿದ ಹಾಗೆ.

ಈಗ ಅಕ್ಕನ ಮಾತು ಹಿಡಿದುಕೊಂಡಿದೆ. ಲೋಹಿತಾ ಅಂತ ನನ್ನನ್ನು ಕರೆಯಲು ಹೋದರೆ ‘ಲೋ… ಹಿ…’ ಅಂತ ಶುರುವಾಗುತ್ತದೆ, ಯಾರೋ ಕತ್ತು ಹಿಸುಕಿದ ಹಾಗೆ ನಿಲ್ಲುತ್ತದೆ. ಫೋನಿನಲ್ಲಿ ಇನ್ನೂ ಕಷ್ಟ, ಒಂದು ಅಕ್ಷರವೂ ಹೊರಡುವುದಿಲ್ಲ. ಟೈಪ್ ಮಾಡುವುದು ಅವಳಿಗೆ ಆಗದ ಕೆಲಸ. ಹಾಗಾಗಿ ಮಗಳು ನನ್ನ ಕಡೆ ತಿರುಗಿದ್ದಾಳೆ. ಸಂತೋಷಪಡಬಾರದು. ಪಡುತ್ತಿದ್ದೇನೆ.

19 ಆಗಸ್ಟ್, ಶ್ರಾವಣ ಸೋಮವಾರ

ಪೂಜೆಯಲ್ಲಿ ಅಕ್ಕ ಹಾಡಿದಳು. ಮಾತು ಬಾರದವಳು ಹಾಡಿದಳು. ಒಂದು ಕಡೆಯೂ ತಡೆಯಲಿಲ್ಲ. ನಾನು ಊದಿನಕಡ್ಡಿ ಹಿಡಿದು ನಿಂತೇ ಇದ್ದೆ.

ಹುಣಸೆ ಬಿಡಿಸಲು ಬರುವ ಲಕ್ಕಮ್ಮ ಜಗಲಿಯಿಂದಲೇ ಕೇಳಿಸಿಕೊಂಡಳು. ‘ಅಲ್ಲ ಕಣಮ್ಮ, ಹಾಡಾದ್ರೆ ಬತ್ತದೆ, ಮಾತಾದ್ರೆ ಹಿಡ್ಕತದೆ, ಅದೆಂಥ ಗಂಟ್ಲವ್ವ’ ಅಂದಳು. ನನಗೆ ನಾಟಕ ಅಂತ ಮನಸ್ಸಿಗೆ ಬಂತು. ನಮ್ಮ ಯಜಮಾನರ ಹತ್ತಿರ ಹೇಳಿದೆ. ಬಸವೇಶ್ ಅವರು ಪೇಪರಿನಿಂದ ತಲೆ ಎತ್ತದೆ, ‘ವರ್ಷಗಟ್ಲೆ ಯಾರಾದ್ರೂ ನಾಟಕ ಆಡ್ತಾರೇನೆ, ಸುಮ್ಕಿರು’ ಅಂದರು. ಅತ್ತಿಗೆ ಅಂದರೆ ಇವರಿಗೆ ದೇವರಮನೆಯ ದೀಪ.

30 ಆಗಸ್ಟ್, ಶುಕ್ರವಾರ

ಬೆಂಗಳೂರಿಂದ ಈಗ ಬಂದೆವು. ತುಮಕೂರಿನ ಡಾಕ್ಟರ್ ಬರೆದುಕೊಟ್ಟ ದೊಡ್ಡಾಸ್ಪತ್ರೆ. ಹೋದ ವಾರ ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡಿದ್ದರು, ಇವತ್ತು ಇಂಜೆಕ್ಷನ್. ಭಾವ ಮಲ್ಲಿಕಾರ್ಜುನಯ್ಯನವರಿಗೆ ಹುಣಸೆ ಮಂಡಿಯ ವ್ಯಾಪಾರದ ಲೆಕ್ಕ ಬಿಟ್ಟರೆ ಬೇರೆ ಕಡೆ ಬಾಯಿ ಬರುವುದಿಲ್ಲ. ಅಕ್ಕನಿಗೆ ಬಾಯೇ ಇಲ್ಲ. ಆಸ್ಪತ್ರೆಯವರ ಜೊತೆ ಮಾತು, ಫೋನು, ಡೇಟು, ಎಲ್ಲ ನನ್ನ ತಲೆಗೆ.

ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಗಂಟಲು ಕೆಟ್ಟಿಲ್ಲ. ಮೆದುಳಿಂದ ಬರುವ ಸೂಚನೆ ತಪ್ಪುತ್ತಿದೆ, ಮಾತಾಡಲು ಹೊರಟ ಕೂಡಲೇ ಧ್ವನಿಯ ಸಣ್ಣ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಹಾಡುವಾಗ, ನಗುವಾಗ, ಪಿಸುಗುಟ್ಟುವಾಗ ಎಷ್ಟೋ ಜನರಿಗೆ ಏನೂ ಆಗುವುದಿಲ್ಲವಂತೆ. ಆಯಿತು. ನಾಟಕ ಅಂದದ್ದು ವಾಪಸ್.

ಔಷಧಿಯ ಹೆಸರು ಬೊಟಾಕ್ಸ್ ಅಂದಾಗ ನನಗೆ ತಡೆಯಲಾಗಲಿಲ್ಲ. ‘ಸಿನಿಮಾದೋರು ಮುಖದ ಸುಕ್ಕಿಗೆ ಹಾಕಿಸ್ಕೊಳ್ಳೋದಲ್ವಾ ಡಾಕ್ಟ್ರೇ?’ ಅವರು ನಕ್ಕರು. ‘ಹೊರಗೆ ಕೂತಿರೋರನ್ನ ನೋಡಿ, ಎಲ್ರಿಗೂ ಅದೇ’ ಅಂದರು. ನೋಡಿದೆ. ಕತ್ತು ಒಂದೇ ಕಡೆ ತಿರುಗಿಕೊಂಡ ಮೇಷ್ಟ್ರು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಅಂತ ರೆಪ್ಪೆಯನ್ನು ಬೆರಳಲ್ಲಿ ಎತ್ತಿಕೊಂಡು ಕೂತ ಹೆಂಗಸು. ಲಕ್ವ ಹೊಡೆದು ಕೈ ಮುಷ್ಟಿ ಬಿಗಿದವರು. ಹಿಮ್ಮಡಿ ನೆಲಕ್ಕೆ ಊರದ ಮಗು, ಅಮ್ಮನ ತೊಡೆ ಮೇಲೆ. ಬಿಗಿದದ್ದನ್ನು ಸಡಿಲ ಮಾಡುವುದೇ ಅದರ ಕೆಲಸವಂತೆ. ಅಸಲಿಗೆ ಅದು ವಿಷವಂತೆ, ಕೆಟ್ಟ ಡಬ್ಬಿ ಊಟದಲ್ಲಿ ಹುಟ್ಟುವ ವಿಷ, ಕಣ್ಣಿಗೆ ಕಾಣದಷ್ಟು ಕೊಡುತ್ತಾರೆ.

ಕುತ್ತಿಗೆಯ ಮುಂಭಾಗಕ್ಕೇ ಸೂಜಿ. ಪಕ್ಕದಲ್ಲಿ ಮೆಷಿನ್ ಗರಗರ ಅನ್ನುತ್ತಿತ್ತು. ‘ಈ… ಅನ್ನಿ’ ಅಂದರು. ಅಕ್ಕ ನನ್ನ ಕೈ ಹಿಡಿದುಕೊಂಡಳು, ಬಳೆ ಒತ್ತಿ ಇನ್ನೂ ಗುರುತು ಇದೆ. ಅಳಲಿಲ್ಲ. ನಾನಾಗಿದ್ದರೆ ಆಸ್ಪತ್ರೆ ಎದ್ದು ಕೂರುತ್ತಿತ್ತು.

ವಿಷ ಕೊಟ್ಟರೂ ಅಕ್ಕನಿಗೆ ಒಳ್ಳೆಯದೇ ಆಗುತ್ತದೆ. ಅದು ಅವಳ ಜಾತಕ.

7 ಸೆಪ್ಟೆಂಬರ್

ಧ್ವನಿ ಬಂದಿಲ್ಲ, ಇದ್ದದ್ದೂ ಹೋಗಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ. ನೀರು ಕುಡಿದರೆ ಕೆಮ್ಮು. ಗಣೇಶನ ಹಬ್ಬದ ಪಾಯಸವೂ ಇಳಿಯಲಿಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಒಂದೆರಡು ವಾರ ಹೀಗೇ, ಆಮೇಲೆ ಸರಿ.

ಹರ್ಷಿತಾ ಸಂಜೆ ಬಹಳ ಹೊತ್ತು ಮಾತಾಡಿದಳು. ‘ಇಂಜೆಕ್ಷನ್ ಕೆಲ್ಸ ಮಾಡಲ್ವೇನೋ ಅಮ್ಮ’ ಅಂದಳು. ‘ನೋಡೋಣ ಕಣೆ’ ಅಂದೆ. ನನ್ನ ಸ್ವರದಲ್ಲಿ ಬೇಕಾದಷ್ಟು ದುಃಖ ಇತ್ತೋ ಇಲ್ಲವೋ.

22 ಸೆಪ್ಟೆಂಬರ್, ಭಾನುವಾರ

ಬೆಳಗ್ಗೆ ಬಚ್ಚಲ ಕಡೆಯಿಂದ ‘ಲೋಹಿತಾ, ಟವಲ್ ಕೊಡೆ’ ಅಂತ ಕೇಳಿಸಿತು. ಎಷ್ಟೋ ದಿನದ ಮೇಲೆ ನನ್ನ ಹೆಸರು ಇಡಿಯಾಗಿ. ಭಾವ ಜಗಲಿಯಲ್ಲಿ ಕೂತಿದ್ದವರು ಎದ್ದು ಬಂದರು. ಕಣ್ಣಲ್ಲಿ ನೀರು. ನನಗೂ ಬಂತು, ಸುಳ್ಳಲ್ಲ.

ಸಂಜೆ ಹರ್ಷಿತಾ ಫೋನ್. ನನ್ನ ಫೋನಿಗಲ್ಲ.

ಹಿತ್ತಿಲ ನಲ್ಲಿಯ ಹತ್ತಿರ ಪಾತ್ರೆ ಇಟ್ಟುಕೊಂಡು ಕೂತೆ. ಒಳಗೆ ಅಕ್ಕನ ನಗು, ಹಳೆಯ ನಗು. ‘ಅಯ್ಯೋ ಬುಡು, ಅವನ ಏಮ್ಮಾಗೆ ನೀನೂ ಏಮಪ್ಪಾ ಅನ್ನು’ ಅನ್ನುತ್ತಿದ್ದಳು. ಮ್ಯಾನೇಜರ್ ವಿಷಯ. ಅದು ನನ್ನದು. ನನಗೆ ಮೊದಲು ಹೇಳಿದ್ದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

20 ಅಕ್ಟೋಬರ್

ಫೋನ್ ಇಲ್ಲ. ನಾನೇ ಮಾಡಿದೆ. ‘ಆಗ್ಲೇ ದೊಡ್ಡಮ್ಮಂಗೆ ಎಲ್ಲ ಹೇಳ್ದೆ ಅಮ್ಮ, ಅವ್ರನ್ನೇ ಕೇಳು.’

9 ಡಿಸೆಂಬರ್

ಇವತ್ತು ಅಕ್ಕ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗ ‘ಕೊತ್ತಂ…’ ಅಂತ ತಡೆಯಿತು. ಮತ್ತೆ ಹೇಳಿದಳು. ಮತ್ತೆ ತಡೆಯಿತು. ನನ್ನ ಕಡೆ ನೋಡಿದಳು.

ಔಷಧಿ ಇಳಿಯುತ್ತಿದೆ. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ, ಮತ್ತೆ ಹಾಕಿಸಬೇಕು, ಇದು ಹೀಗೇ ಅಂತ ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಕೊತ್ತಂಬರಿ ನಾನೇ ತಗೊಂಡೆ. ಹಾಲು ಕುಡಿದಷ್ಟು ಸಂತೋಷ. ಥೂ, ಎಂಥ ಹೆಂಗಸು ನಾನು. ಬರೆದಾಯಿತು, ಇರಲಿ.

14 ಡಿಸೆಂಬರ್

ಹರ್ಷಿತಾ ನನಗೆ ಫೋನ್ ಮಾಡಿದಳು. ನಿನ್ನೆಯೂ. ಮೊನ್ನೆಯೂ.

20 ಡಿಸೆಂಬರ್

ಎರಡನೇ ಇಂಜೆಕ್ಷನ್. ಡೇಟ್ ಕನ್ಫರ್ಮ್ ಮಾಡಿದ್ದು ನಾನೇ. ನನ್ನ ಸುಖಕ್ಕೆ ನಾನೇ ಫೋನ್ ಮಾಡಿ ಪೂರ್ಣವಿರಾಮ.

17 ಜನವರಿ 2025

ಸಂಕ್ರಾಂತಿಗೆ ಬಂದವಳು ಇವತ್ತು ಬೆಳಗಿನ ಬಸ್ಸಿಗೆ ಪಾವಗಡಕ್ಕೆ ಹೋದಳು. ಇದ್ದಷ್ಟು ಹೊತ್ತೂ ಅಕ್ಕನ ಕೋಣೆ. ನಾನು ಎಳ್ಳು ಬೀರಲು ಕರೆಯುವ ನೆಪದಲ್ಲಿ ಬಾಗಿಲಿಗೆ ಹೋದೆ. ‘ಅಮ್ಮಂಗೆ ಈಗ್ಲೇ ಹೇಳ್ಬೇಡಿ ದೊಡ್ಡಮ್ಮ’ ಅಂತ ಕೇಳಿಸಿತು. ಅಷ್ಟೇ. ಒಳಗೆ ಹೋದಾಗ ಇಬ್ಬರೂ ಸೀರೆಯ ಬಾರ್ಡರ್ ನೋಡುತ್ತಿದ್ದರು.

ಏನು ಹೇಳಬಾರದು? ಮನೆಯಲ್ಲಿ ಶಿರಾದ ಸಂಬಂಧದ ಮಾತು ನಡೆಯುತ್ತಿರುವಾಗ ಬೇರೆ ಯಾವನಾದರೂ ಹುಡುಗನೇ? ಅಕ್ಕನನ್ನು ಕೇಳಿದೆ. ‘ಏನಿಲ್ಲ ಕಣೆ, ಆಫೀಸಿನ ರಾಮಾಯಣ’ ಅಂದಳು, ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ. ಈ ಸ್ಪಷ್ಟ ಗಂಟಲಿಗೆ ಅರ್ಧ ದಿನ ಬಸ್ಸಿನಲ್ಲಿ ಕೂತು ಹೋಗಿ ಬಂದವಳು ನಾನು.

24 ಫೆಬ್ರವರಿ

ಹುಣಸೆ ಸುಗ್ಗಿ. ಜಗಲಿ ತುಂಬ ಹಣ್ಣು, ಲಕ್ಕಮ್ಮನ ಕಡೆಯವರೆಲ್ಲ ಬಂದಿದ್ದಾರೆ, ಮನೆಯಲ್ಲಿ ಕಾಲಿಟ್ಟ ಕಡೆ ಅಂಟು.

ಶಿರಾದಿಂದ ಮಹಾಲಿಂಗಯ್ಯನವರು ಬಂದಿದ್ದರು. ಹಾರ್ಡ್‌ವೇರ್ ಅಂಗಡಿಯವರು. ಮಗ ನವೀನ್ ಕುಮಾರ್, ಕೊರಟಗೆರೆಯಲ್ಲಿ ಜೂನಿಯರ್ ಎಂಜಿನಿಯರ್. ಫೋಟೋ ಆಗಿದೆ, ಜಾತಕ ಆಗಿದೆ, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಯೂ ಆಗಿದೆ. ‘ಹೆಂಗೆ?’ ಅಂತ ಕೇಳಿದರೆ ಹರ್ಷಿತಾ ‘ಪರ್ವಾಗಿಲ್ಲ’ ಅಂದಳು. ನಮ್ಮ ಹುಡುಗಿಯರ ಪರವಾಗಿಲ್ಲ ಅಂದರೆ ಒಪ್ಪಿಗೆ ಅಂತಲೇ ಲೆಕ್ಕ. ಏಪ್ರಿಲ್ ಹದಿಮೂರಕ್ಕೆ ಶಾಸ್ತ್ರ.

ಅಂದರೆ ಹೊಸಿಲ ಮಾತು. ನಮ್ಮ ಮನೆಯಲ್ಲಿ ಮಾತ್ರ ಇರುವ ಪದ್ಧತಿ. ಬಂದವರ ಮುಂದೆ ಹುಡುಗಿ ಬಾಯಿ ಬಿಡುವ ಹಾಗಿಲ್ಲ. ಒಳಕೋಣೆಯಲ್ಲಿ ಮನೆಯ ಹಿರಿಯ ಹೆಂಗಸು ಅವಳನ್ನು ಕೇಳಬೇಕು, ಹೊಸಿಲ ಒಳಗೆ ನಿಂತು ಗಟ್ಟಿಯಾಗಿ ಹೊರಗಿನವರಿಗೆ ಹೇಳಬೇಕು — ನಮ್ಮ ಹುಡುಗಿಗೆ ಒಪ್ಪಿಗೆ. ಆಮೇಲೆ ತಾಂಬೂಲ. ಹೇಳಿದ ಮಾತು ಆ ಮೇಲೆ ಯಾರೂ ಬದಲಿಸುವ ಹಾಗಿಲ್ಲ. ಅತ್ತೆ ಇದ್ದಾಗ ಅತ್ತೆ ಹೇಳುತ್ತಿದ್ದರು. ಈಗ ದೊಡ್ಡ ಸೊಸೆ.

ಹೆತ್ತವಳು ನಾನು, ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ನನ್ನ ಮಗಳ ಮಾತು ಅವಳ ಬಾಯಲ್ಲಿ ಬರಬೇಕು. ಇವರಿಗೆ ಹೇಳಿದೆ, ಈ ಒಂದು ಸಲ ನಾನು ಹೇಳುತ್ತೇನೆ ಅಂತ. ‘ಅತ್ತಿಗೆ ಇರೋವಾಗ ನೀನು ಹೆಂಗೆ ಹೇಳ್ತೀಯೆ? ಚೆನ್ನಾಗಿರಲ್ಲ’ ಅಂದರು. ಅತ್ತಿಗೆ ಇರೋವಾಗ ಈ ಮನೆಯಲ್ಲಿ ನನಗೆ ಯಾವುದು ಚೆನ್ನಾಗಿತ್ತು ಅಂತ ಕೇಳಬೇಕಿತ್ತು.

18 ಮಾರ್ಚ್, ಮಧ್ಯಾಹ್ನ

ಆಸ್ಪತ್ರೆಯಿಂದ ಫೋನ್. ಇಪ್ಪತ್ತನಾಲ್ಕಕ್ಕೆ ಅಕ್ಕನ ಡೇಟ್. ‘ಪೇಷಂಟ್ ಬರ್ತಾರಾ ಮೇಡಂ, ಕನ್ಫರ್ಮ್ ಮಾಡ್ಲಾ?’

ಹುಣಸೆಹಣ್ಣಿನ ರಾಶಿಯ ಪಕ್ಕ ನಿಂತಿದ್ದೆ. ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ, ತಿಂಗಳಿಂದ ತಲೆಯಲ್ಲಿ ಅದೇ ಇತ್ತು. ಇಪ್ಪತ್ತನಾಲ್ಕಕ್ಕೆ ಹಾಕಿಸಿದರೆ ಹದಿಮೂರಕ್ಕೆ ಗಂಟೆಯ ಹಾಗೆ ಧ್ವನಿ. ಹಾಕಿಸದಿದ್ದರೆ…

‘ಇಲ್ಲಮ್ಮ, ಕ್ಯಾನ್ಸಲ್ ಮಾಡಿ. ಪೇಷಂಟ್ ಊರಲ್ಲಿಲ್ಲ’ ಅಂದೆ. ಏಪ್ರಿಲ್ ಇಪ್ಪತ್ತೈದು ಕೊಟ್ಟರು.

ಪೇಷಂಟ್ ಅಡುಗೆಮನೆಯಲ್ಲಿ ಹುಳಿಗೆ ಬೇಳೆ ಹಾಕುತ್ತಿದ್ದಳು.

18 ಮಾರ್ಚ್, ಸಂಜೆ

ಹೇಳಿದೆ. ಡಾಕ್ಟರು ಫಾರಿನ್ನಿಗೆ ಹೋಗಿದ್ದಾರಂತೆ, ಮುಂದಿನ ತಿಂಗಳ ಕೊನೆಗೇ ಸಿಗುವುದು ಅಂತ. ಅಕ್ಕ ಬೀಜ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ‘ಆಯ್ತು ಬುಡು’ ಅಂದಳು. ಬು… ಡು. ಈಗಾಗಲೇ ತಡೆಯುತ್ತಿದೆ.

ಸಾಯಿಸಲಿಲ್ಲವಲ್ಲ ನಾನು ಯಾರನ್ನೂ. ಒಂದು ತಿಂಗಳ ಮಾತು. ಇಷ್ಟು ವರ್ಷ ನನ್ನ ಮಗಳ ಮಾತು ಅವಳೇ ತಿಂದಿದ್ದಾಳೆ.

2 ಏಪ್ರಿಲ್

ಯುಗಾದಿ ಆಯಿತು. ಅಕ್ಕನ ಮಾತು ಪೂರ್ತಿ ಹಿಡಿದಿದೆ. ಬೇವುಬೆಲ್ಲ ಕೊಡುವಾಗ ಹರಸಲೂ ಆಗಲಿಲ್ಲ, ತಲೆ ಮುಟ್ಟಿದಳು. ಹರ್ಷಿತಾ ಸಂಜೆ ಸಂಜೆ ನನಗೇ ಫೋನ್ ಮಾಡುತ್ತಾಳೆ. ಆದರೆ ನವೀನನ ಮಾತು ತೆಗೆದರೆ ‘ನೀರು ಬಂತು ಅಮ್ಮ, ಹಿಡೀಬೇಕು’. ಪಾವಗಡದಲ್ಲಿ ಇಷ್ಟು ಸಲ ನೀರು ಬರುವುದು ನನಗೆ ಗೊತ್ತಿರಲಿಲ್ಲ.

ಇವರೇ ಹೇಳಿದರು, ಅತ್ತಿಗೆಗೆ ಆಗದಿದ್ದರೆ ಹೊಸಿಲ ಮಾತು ನೀನೇ ಹೇಳು ಅಂತ. ಕನ್ನಡಿ ಮುಂದೆ ನಿಂತು ಒಂದು ಸಲ ಹೇಳಿ ನೋಡಿದೆ. ನನ್ನ ಧ್ವನಿ ಚೆನ್ನಾಗಿಯೇ ಇದೆ. ಯಾರೂ ಗಮನಿಸಿರಲಿಲ್ಲ ಅಷ್ಟೇ.

13 ಏಪ್ರಿಲ್, ಭಾನುವಾರ

ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಮಹಾಲಿಂಗಯ್ಯ, ಅವರ ಮನೆಯವರು ಕಮಲಾಕ್ಷಮ್ಮ, ಹುಡುಗ, ಹಿರಿಯರು ನಾಲ್ಕು ಜನ. ಉಪ್ಪಿಟ್ಟು ಕೇಸರಿಬಾತ್ ಆಯಿತು. ಕಮಲಾಕ್ಷಮ್ಮ ಒಳ್ಳೆಯವರೇ, ಬಾಯಿ ಸ್ವಲ್ಪ ಜೋರು. ‘ಪಾವಗಡ ಎಲ್ಲಿ, ಕೊರಟಗೆರೆ ಎಲ್ಲಿ. ಮದ್ವೆ ಆದ್ಮೇಲೆ ಇನ್ಯಾಕೆ ಕೆಲ್ಸ ಗಿಲ್ಸ, ಮನೇಲಿ ನಂಗೂ ಜೊತೆ ಆಗ್ತಾಳೆ’ ಅಂದರು. ಹುಡುಗ ಮೊಬೈಲ್ ನೋಡುತ್ತ ತಲೆ ಆಡಿಸಿದ. ಇವರೂ ಆಡಿಸಿದರು. ನಾನೂ ಆಡಿಸಿದೆನೋ ಏನೋ.

ಒಳಕೋಣೆಗೆ ಕೇಳಲು ಅಕ್ಕನೇ ಹೋಗಬೇಕು, ಪದ್ಧತಿ. ನಾನು ತಾಂಬೂಲದ ತಟ್ಟೆ ಹಿಡಿದು ಹೊಸಿಲ ಹತ್ತಿರ ನಿಂತೆ. ಒಳಗೆ ಗುಸುಗುಸು. ಬಹಳ ಹೊತ್ತು ಆಯಿತು. ಹಿರಿಯರು ಒಬ್ಬರು ಗಡಿಯಾರ ನೋಡಿದರು.

ಅಕ್ಕ ಬಂದು ಹೊಸಿಲ ಒಳಗೆ ನಿಂತಳು. ಹೇಳಲು ಹೋದಳು, ಅಭ್ಯಾಸ ಬಲ. ‘ನ… ನಮ್…’ ಕತ್ತಿನ ನರ ಎದ್ದವು. ಮುಖ ಕೆಂಪಾಯಿತು. ಮಹಾಲಿಂಗಯ್ಯ ಸೂರು ನೋಡತೊಡಗಿದರು. ಭಾವನೇ, ‘ಲೋಹಿತಾ, ನೀನೇ ಹೇಳ್ಬುಡಮ್ಮ’ ಅಂದರು.

ಕಾದಿದ್ದ ಗಳಿಗೆ. ಎದೆ ಅಗಲವಾಯಿತು ಅಂತ ಬರೆದರೆ ತಪ್ಪಿಲ್ಲ. ಅಕ್ಕ ನನ್ನ ಕಿವಿಗೆ ಬಾಯಿ ಇಟ್ಟಳು. ಪಿಸುಮಾತು ಅವಳಿಗೆ ಸರಾಗ.

‘ಬ್ಯಾಡ ಅಂತಾಳೆ ಕಣೆ. ಕೆಲ್ಸ ಬುಡಲ್ಲ ಅಂತಾಳೆ. ಸಂಕ್ರಾಂತಿಗೇ ಅಂದಿದ್ಲು, ನೀವೆಲ್ಲ ಖುಷಿಯಾಗಿದ್ರಿ ಅಂತ ನಿಂಗೆ ಹೇಳಕ್ಕೆ ಹೆದ್ರಿದ್ಲು.’

ತಟ್ಟೆಯಲ್ಲಿ ತೆಂಗಿನಕಾಯಿ ಉರುಳಿತು, ಹೆಬ್ಬೆರಳಲ್ಲಿ ಹಿಡಿದೆ. ಎದುರಿಗೆ ಇವರು ನಗುತ್ತಿದ್ದಾರೆ. ಶಲ್ಯ ಸರಿ ಮಾಡಿಕೊಂಡು ತಾಂಬೂಲ ಬದಲಿಸಲು ಏಳುತ್ತಿದ್ದಾರೆ. ಈ ಮನೆಯಲ್ಲಿ ಇದುವರೆಗೆ ಹೊಸಿಲಲ್ಲಿ ನಿಂತು ಯಾರೂ ಇಲ್ಲ ಅಂದದ್ದಿಲ್ಲ. ಅಕ್ಕ ಹೇಳಿದ್ದು ಯಾರಿಗೂ ಕೇಳಿಸಿಲ್ಲ. ನಾನು ಒಪ್ಪಿಗೆ ಅಂದುಬಿಟ್ಟರೆ ಮುಗಿಯಿತು. ಅವಳು ಅಲ್ಲ ಅಂತ ಕೂಗಲೂ ಆರಳು. ಅವಳ ಗಂಟಲು ಆಗ ನನ್ನ ಕೈಯಲ್ಲಿತ್ತು. ನಾನೇ ಹಿಡಿದು ಇಟ್ಟಿದ್ದು.

ಬಾಗಿಲ ಸಂದಿಯಿಂದ ಹರ್ಷಿತಾ ಕಂಡಳು. ನನ್ನನ್ನು ನೋಡುತ್ತಿರಲಿಲ್ಲ. ಆಗಲೂ ದೊಡ್ಡಮ್ಮನನ್ನೇ. ಮೈಯೆಲ್ಲ ಉರಿಯಿತು. ನಾಲಗೆಯ ತುದಿಗೆ ಒಪ್ಪಿಗೆ ಬಂದೇಬಿಟ್ಟಿತ್ತು. ಬರೆಯುತ್ತಿದ್ದೇನೆ, ಬಂದೇಬಿಟ್ಟಿತ್ತು. ಆಗ ಅವಳು ನನ್ನ ಕಡೆ ತಿರುಗಿದಳು. ಬೇಡಿಕೊಳ್ಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಬಸ್ಸು ಹೋದ ಮೇಲೆ ಸ್ಟಾಪಿನಲ್ಲಿ ನಿಂತವರ ಹಾಗೆ. ಅಮ್ಮ ಒಪ್ಪಿಗೆ ಅಂತಲೇ ಹೇಳುತ್ತಾಳೆ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಅಷ್ಟು ಗ್ಯಾರಂಟಿ ನನ್ನ ಮೇಲೆ. ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

‘ನಮ್ಮ ಹುಡುಗಿಗೆ ಒಪ್ಪಿಗೆ ಇಲ್ಲ’ ಅಂದೆ. ಗಟ್ಟಿಯಾಗಿ. ಜಗಲಿಯಲ್ಲಿದ್ದ ಲಕ್ಕಮ್ಮನಿಗೂ ಕೇಳಿಸಿತಂತೆ. ‘ಅವಳು ಕೆಲಸ ಬಿಡುವುದಿಲ್ಲ. ನಮಗೂ ಬಿಡಿಸುವ ಮನಸ್ಸಿಲ್ಲ.’ ನಮಗೂ ಅಂತ ಹೇಗೆ ಸೇರಿಸಿದೆನೋ.

ಇವರು ಅರ್ಧ ಎದ್ದವರು ಹಾಗೇ ನಿಂತರು. ಹೊರಡುವಾಗ ಕಮಲಾಕ್ಷಮ್ಮ ಕುಂಕುಮ ಇಡಿಸಿಕೊಂಡರು, ‘ಇದನ್ನ ಫೋನಲ್ಲೇ ಹೇಳ್ಬುಟ್ಟಿದ್ರೆ ನಾವು ಬರ್ತಾನೆ ಇರ್ಲಿಲ್ವಲ್ಲಮ್ಮ’ ಅಂದರು. ನ್ಯಾಯವಾದ ಮಾತು. ತಲೆ ತಗ್ಗಿಸಿದೆ.

ಕಾರು ಹೋಯಿತು. ಹರ್ಷಿತಾ ಕೋಣೆಯಿಂದ ಓಡಿ ಬಂದಳು. ನನ್ನ ಕೈಯಲ್ಲಿ ಇನ್ನೂ ತಟ್ಟೆ ಇತ್ತು. ಓಡಿ ಬಂದು ತಬ್ಬಿಕೊಂಡದ್ದು ಅಕ್ಕನನ್ನು.

14 ಏಪ್ರಿಲ್

ಇವರು ಮಾತಾಡುತ್ತಿಲ್ಲ. ಮಂಡಿಗೆ ಹೋಗುವಾಗ ಊಟದ ಡಬ್ಬಿ ಬಿಟ್ಟೇ ಹೋದರು. ಮಗಳು ಪಾವಗಡಕ್ಕೆ ಹೋದಳು. ಬಸ್ ಹತ್ತುವಾಗ ‘ಅಮ್ಮ…’ ಅಂದಳು, ಕಂಡಕ್ಟರ್ ಸೀಟಿ ಊದಿದ.

ಬೈಸಿಕೊಂಡವಳು ನಾನು. ಅಪ್ಪುಗೆ ಅವಳಿಗೆ. ಇರಲಿ.

25 ಏಪ್ರಿಲ್, ಶುಕ್ರವಾರ

ಮೂರನೇ ಇಂಜೆಕ್ಷನ್. ಭಾವನೂ ಬಂದಿದ್ದರು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ಎಲ್ಲರಿಗೂ ಕೇಳುವ ಹಾಗೆ, ‘ಜಗದಾಂಬ ಅವ್ರು ಅಲ್ವಾ, ಹೋದ ತಿಂಗ್ಳು ನೀವೇ ಕ್ಯಾನ್ಸಲ್ ಮಾಡ್ಸಿದ್ದು? ಡಾಕ್ಟರ್ ಅವತ್ತೂ ಇದ್ರಲ್ಲ’ ಅಂದಳು.

ನೆಲ ಬಿರಿಯಬಾರದೇ ಅನ್ನಿಸಿತು. ಭಾವ ನನ್ನನ್ನು ನೋಡಿದರು. ಅಷ್ಟರಲ್ಲಿ ಅಕ್ಕ ಕೌಂಟರಿನ ಮೇಲೆ ಕೈ ಇಟ್ಟು ಹೂಂ ಅಂತ ತಲೆ ಆಡಿಸಿದಳು, ತನ್ನ ಎದೆ ಮುಟ್ಟಿ ತೋರಿಸಿದಳು. ತಾನೇ ಮಾಡಿಸಿದ್ದು ಅಂತ. ಭಾವ ‘ನಂಗೊಂದು ಮಾತು ಹೇಳ್ಬಾರ್ದಾ’ ಅಂತ ಗೊಣಗಿ ಬೆಂಚಿಗೆ ಹೋಗಿ ಕೂತರು.

ವಾಪಸ್ ಬರುವಾಗ ಕೊರಟಗೆರೆ ಸ್ಟ್ಯಾಂಡಿನಲ್ಲಿ ಬಸ್ ನಿಂತಿತು. ಭಾವ ನಿದ್ದೆ. ನಾನು ಕಿಟಕಿ ಕಡೆ ಮುಖ ಮಾಡಿ, ‘ಯಾವಾಗ ಗೊತ್ತಾಯ್ತು ಅಕ್ಕ?’ ಅಂದೆ.

‘ಅವತ್ತೇ ಕಣೆ’ ಅಂತ ಪಿಸುಗುಟ್ಟಿದಳು. ‘ಡಾಕ್ಟ್ರು ಊರಲ್ಲಿಲ್ಲ ಅಂತ ಹೇಳೋವಾಗ ನನ್ನ ಮುಖ ನೋಡ್ಲಿಲ್ಲ ನೀನು. ಹುಣಸೆಹಣ್ಣಿಗೆ ಹೇಳ್ದಂಗೆ ಹೇಳ್ದೆ.’

‘ಮತ್ಯಾಕೆ ಸುಮ್ಕಿದ್ರಿ?’

‘ಹುಡುಗಿ ಬ್ಯಾಡ ಅಂತಾಳೆ ಅಂತ ನಂಗೆ ಗೊತ್ತಿತ್ತಲ್ಲ. ಅದನ್ನ ನಾನಂದಿದ್ರೆ ಓರಗಿತ್ತಿ ಮಗಳ ಸಂಬಂಧ ಕೆಡಿಸಿದ್ಲು ಅಂತಿದ್ರು. ನೀನಂದ್ರೆ ತಾಯಿ ಅಂತಾರೆ.’

‘ನಾನು ಒಪ್ಪಿಗೆ ಅಂದ್ಬುಟ್ಟಿದ್ರೆ?’

ಬಸ್ ಹೊರಟಿತು. ‘ಆ ಹೆದ್ರಿಕೇಲೇ ಒಂದು ತಿಂಗ್ಳು ನಿದ್ದೆ ಮಾಡ್ಲಿಲ್ಲ ಕಣೆ’ ಅಂದಳು.

ಇದು ಒಳ್ಳೆಯತನವೋ ಜಾಣತನವೋ. ಕಷ್ಟದ ಮಾತು ನನ್ನ ಬಾಯಿಗೆ ತುರುಕಿ ತಾನು ಬೆಳ್ಳಗೆ ಉಳಿದಳು ಅಂತಲೂ ಅನ್ನಿಸುತ್ತದೆ. ಆದರೆ ಕೌಂಟರಿನಲ್ಲಿ ತನ್ನ ಎದೆ ಮುಟ್ಟಿ ತೋರಿಸಿದ್ದು? ಅಲ್ಲೂ ಅವಳೇ ಮೇಲೆ. ಕ್ಷಮಿಸುವುದರಲ್ಲೂ ನನಗಿಂತ ಹಿರಿಯಳಾಗಬೇಕು ಇವಳು.

30 ಏಪ್ರಿಲ್

ಮತ್ತೆ ಗಾಳಿಯ ಧ್ವನಿ. ತೆಳ್ಳಗಿನದು ಇಳಿಯುವುದಿಲ್ಲ, ರಾಗಿ ಗಂಜಿ ಗಟ್ಟಿಯಾಗಿ ಕಾಯಿಸಿ ಕೊಡುತ್ತಿದ್ದೇನೆ. ಚಮಚ ಚಮಚವಾಗಿ ಕುಡಿಯುತ್ತಾಳೆ, ನಾನು ಪಕ್ಕದಲ್ಲಿ ಕೂರುತ್ತೇನೆ, ಕೆಮ್ಮು ಬಂದರೆ ಬೆನ್ನು ಸವರುತ್ತೇನೆ. ಇವರು ಇವತ್ತು ‘ಉಪ್ಪು ಕಮ್ಮಿ’ ಅಂದರು. ಮಾತು ಬಂತು ಅಂತ ಲೆಕ್ಕ.

ಹರ್ಷಿತಾ ಫೋನ್ ಮಾಡಿದಳು. ಊಟ, ಬಿಸಿಲು, ದೊಡ್ಡಮ್ಮನ ಗಂಟಲು. ಆ ದಿನದ ಸುದ್ದಿ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

15 ಮೇ, ಗುರುವಾರ, ಬೆಳಗ್ಗೆ

ನಿನ್ನೆಯಿಂದ ಅಕ್ಕನ ಧ್ವನಿ ಪೂರ್ತಿ ಬಂದಿದೆ. ಈ ಸಲ ಮೊದಲಿಗಿಂತ ಚೆನ್ನಾಗಿದೆ ಅಂತ ಭಾವ ಮಂಡಿಯಲ್ಲೆಲ್ಲ ಹೇಳಿದ್ದಾರೆ. ಬರಲಿ. ನನ್ನ ಸೀಸನ್ ಮುಗಿಯಿತು. ಇನ್ನು ಮೂರು ತಿಂಗಳು ಅಕ್ಕನ ಫೋನ್ ನಡುಮನೆಯಲ್ಲಿ ಬಡಿದುಕೊಳ್ಳುತ್ತದೆ, ನಾನು ಪಾತ್ರೆ ತೊಳೆಯುತ್ತೇನೆ.

ಬಂತು. ನಡುಮನೆಯಲ್ಲಿ ಅಕ್ಕ ಫೋನ್ ಎತ್ತಿದಳು. ಇಡ್ಲಿ ಹಾಕಿಟ್ಟು ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕೇಳಬಾರದು ಅಂದುಕೊಂಡರೂ ಈ ಮನೆಯ ಗೋಡೆ ನನ್ನ ಕಡೆಗೇ ಇದೆ. ಹರ್ಷಿತಾಗೆ ಏನೋ ಪ್ರಮೋಷನ್, ಪಾಳಿಯ ಇನ್‌ಚಾರ್ಜ್ ಅಂತೆ, ರಾತ್ರಿ ಪಾಳಿಯೂ ಇರುತ್ತದಂತೆ, ಒಪ್ಪಿಕೊಳ್ಳಲೋ ಬೇಡವೋ ಅಂತ ಕೇಳುತ್ತಿದ್ದಾಳೆ. ನನಗೆ ಗೊತ್ತೇ ಇಲ್ಲ. ಮೊದಲು ಅಲ್ಲಿಗೇ.

ಅಕ್ಕ ಹೇಳುತ್ತಿದ್ದಾಳೆ, ‘ನನ್ನ ಯಾಕೆ ಕೇಳ್ತೀಯೆ? ಅಷ್ಟು ಜನದ ಮುಂದೆ ನಿನ್ನ ಮಾತು ಆಡಿದೋಳು ನಾನಾ? ನಿಮ್ಮಮ್ಮನ್ನ ಕೇಳು… ಬೈದ್ರೆ ಬೈಸ್ಕೊ… ಇಲ್ಲ, ನಾನು ಹೇಳಲ್ಲ, ನೀನೇ ಕೇಳು. ಇಡು ಫೋನು.’

ಇಟ್ಟಳು. ಏನೂ ಸದ್ದಿಲ್ಲ. ಮಾಡುವುದಿಲ್ಲ ಅವಳು. ಹೆದರಿಕೆ ಅಷ್ಟು ಬೇಗ ಹೋಗುತ್ತದೆಯೇ, ನಾನೂ ಅಂಥ ಅಮ್ಮನೇ —

ನನ್ನ ಫೋನ್. ಹಿಟ್ಟಿನ ಡಬ್ಬದ ಪಕ್ಕ ಬಡಿದುಕೊಳ್ಳುತ್ತಿದೆ. ಹರ್ಷಿತಾ. ಎತ್ತುತ್ತೇನೆ, ಎತ್ತುತ್ತೇನೆ. ಇನ್ನೊಂದೆರಡು ಸಲ ಬಡಿದುಕೊಳ್ಳಲಿ. ನಡುಮನೆಯಲ್ಲಿರುವವಳಿಗೂ ಸ್ವಲ್ಪ ಕೇಳಿಸಲಿ.